ಜೂಲಿಯೆಟ್ಟಳ ಬಾಲ್ಕನಿ, ಕಾಂಗ್ರಾಂದೆಯ ನಗು

ಮಿಲಾನಿನಿಂದ ವೆರೋನಾ ಮತ್ತು ಗಾರ್ಡಾ ಸರೋವರ ತೋರಿಸಿಕೊಂಡು ಬರುವ ಒಂದು ದಿನದ ಬಸ್ ಪ್ರವಾಸಕ್ಕೆ ಸಿದ್ಧ ಅಚ್ಚೊಂದಿದೆ. ಬೆಳಗ್ಗೆ ಹೊರಟು ಹೆದ್ದಾರಿಯಲ್ಲಿ 150 ಚಿಲ್ಲರೆ ಕಿಲೋಮೀಟರ್, ವೆರೋನಾದಲ್ಲಿ ಗೈಡ್ ಜೊತೆ ಎರಡು ಗಂಟೆಯ ನಡಿಗೆ, ಊಟ, ಮಧ್ಯಾಹ್ನ ಸಿರ್ಮಿಯೋನೆ, ಸಂಜೆಗೆ ವಾಪಸ್. ದೂರಕ್ಕೂ ಹೊತ್ತಿಗೂ ಈ ಲೆಕ್ಕ ಸರಿಯೇ. ತಕರಾರಿರುವುದು ಆ ಎರಡು ಗಂಟೆ ಎಲ್ಲಿ ಖರ್ಚಾಗುತ್ತದೆ ಎಂಬುದರಲ್ಲಿ.

ನಡಿಗೆ ಅರೇನಾದಿಂದ ಶುರು. ಕ್ರಿ.ಶ. 1ನೇ ಶತಮಾನದ ಈ ರೋಮನ್ ಬಯಲುರಂಗದ ಹೊರಸುತ್ತನ್ನು 1117ರ ಭೂಕಂಪ ಕೆಡವಿತು. ನಾಲ್ಕು ಕಮಾನುಗಳ ಒಂದು ತುಂಡಷ್ಟೇ ನಿಂತಿದೆ. 1913ರಲ್ಲಿ, ಸಂಗೀತಕಾರ ವರ್ಡಿಯ ಜನ್ಮಶತಾಬ್ದಿಗೆಂದು ಇಲ್ಲಿ ಅವನ ಒಪೆರಾ ‘ಐದಾ’ ಆಡಿದರು. ಬೇಸಿಗೆಯ ಒಪೆರಾ ಉತ್ಸವ ಹುಟ್ಟಿದ್ದು ಹಾಗೆ.

ಅಲ್ಲಿಂದ ಗುಂಪು ನೇರವಾಗಿ ವಿಯಾ ಕಾಪೆಲ್ಲೋ ಬೀದಿಯ ‘ಜೂಲಿಯೆಟ್ಟಳ ಮನೆ’ಯ ಅಂಗಳಕ್ಕೆ ನುಗ್ಗುತ್ತದೆ. ಆನಂದರಾಯರ ಕನ್ನಡ ರೂಪಾಂತರ ‘ರಾಮವರ್ಮ ಲೀಲಾವತಿ’ಯ ಕಾಲದಿಂದ ಕನ್ನಡಿಗರಿಗೂ ಪರಿಚಯವಿರುವ ರೋಮಿಯೋ–ಜೂಲಿಯೆಟ್ಟರ ಪ್ರೇಮಕಥೆಗೆ ನಿಜವಾದ ಮನೆಯೆಂಬುದಿಲ್ಲ. ಇದು ದಾಲ್ ಕಾಪೆಲ್ಲೋ ಎಂಬವರ ಮನೆ. ಹೆಸರು ಕಥೆಯ ಜೂಲಿಯೆಟ್ಟಳ ಮನೆತನವಾದ ಕಾಪುಲೆಟ್ಟಿಗೆ ಹತ್ತಿರವಾಯಿತು, ಅಷ್ಟೇ. ಬಾಲ್ಕನಿಯನ್ನು 1930ರ ದಶಕದ ಕೊನೆಯಲ್ಲಿ ಊರಿನ ಮ್ಯೂಸಿಯಂಗಳ ನಿರ್ದೇಶಕ ಅಂತೋನಿಯೋ ಅವೆನಾ ಹಳೆಯ ಕೆತ್ತನೆಗಲ್ಲು ಜೋಡಿಸಿ ಮಾಡಿಸಿದ. ಕೆಳಗೆ ನಿಂತ ಕಂಚಿನ ಜೂಲಿಯೆಟ್ಟಳ ಎದೆ ಮುಟ್ಟಿದರೆ ಅದೃಷ್ಟ ಎಂಬ ನಂಬಿಕೆಯಿಂದ ಮೂಲ ಪ್ರತಿಮೆ ಸವೆದೇ ಹೋಗಿ, 2014ರಲ್ಲಿ ಅದರ ಜಾಗಕ್ಕೆ ನಕಲು ಬಂತು. ಇಲ್ಲಿ ನೂಕುನುಗ್ಗಲಲ್ಲಿ ಅರ್ಧ ಗಂಟೆ ಕರಗುತ್ತದೆ. ‘ಜನ ಕೇಳುವುದೇ ಇದನ್ನು’ ಎಂಬುದು ಪ್ರವಾಸ ನಡೆಸುವವರ ವಾದ. ತೋರಿಸದೇ ಇದ್ದದ್ದನ್ನು ಜನ ಕೇಳುವುದಾದರೂ ಹೇಗೆ?

ತೋರಿಸದೇ ಬಿಡುವುದು ಕಾಸ್ತೆಲ್‌ವೆಕ್ಕಿಯೋವನ್ನು. ಅದಿಜೆ ನದಿಯ ದಡದಲ್ಲಿ 1354ರಿಂದ ಎದ್ದ ಸ್ಕಾಲಿಗೆರ್ ದೊರೆಗಳ ಕೋಟೆ. ಪ್ರವಾಸದ ಗುಂಪು ಬಹುಮಟ್ಟಿಗೆ ಇದರ ಸೇತುವೆಯ ಮೇಲೆ ಫೋಟೋ ಹೊಡೆಸಿಕೊಂಡು ತಿರುಗಿಬಿಡುತ್ತದೆ. ಆ ಸೇತುವೆಯನ್ನು 1945ರ ಏಪ್ರಿಲಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ನರು ಸ್ಫೋಟಿಸಿದರು. ಈಗಿರುವುದು ಯುದ್ಧದ ನಂತರ ಮರಳಿ ಕಟ್ಟಿದ್ದು. ಒಳಗಿನ ಕಥೆ ಇನ್ನೂ ಸೊಗಸು. 1920ರ ದಶಕದಲ್ಲಿ ಇಲ್ಲಿನ ಸೈನಿಕರ ಬ್ಯಾರಕ್ಕಿಗೆ ಗೋಥಿಕ್ ಕಿಟಕಿ–ಬಾಗಿಲುಗಳ ವೇಷ ಹಾಕಿಸಿದವನೂ ಇದೇ ಅವೆನಾ. 1882ರ ಪ್ರವಾಹದ ನಂತರ ಕೆಡವಿದ ಅರಮನೆಗಳ ಕಲ್ಲುಗಳು ಅವನಿಗೆ ಒದಗಿದ್ದವು. 1950ರ ದಶಕದ ಕೊನೆಗೆ ಬಂದ ವಾಸ್ತುಶಿಲ್ಪಿ ಕಾರ್ಲೋ ಸ್ಕಾರ್ಪಾ ಆ ಮುಖವನ್ನು ಕಿತ್ತುಹಾಕಲಿಲ್ಲ. ಗೋಥಿಕ್ ಕಮಾನುಗಳ ಹಿಂದೆ ತುಸು ಸರಿಸಿ, ಕಮಾನಿನ ಗೆರೆಗೆ ತಾಳೆಯಾಗದಂತೆ ಹೊಸ ಕಿಟಕಿಚೌಕಟ್ಟು ಕೂರಿಸಿದ. ಕಮಾನು ಬೇರೆ, ಗೋಡೆ ಬೇರೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಬ್ಯಾರಕ್ಕಿನ ಕೊನೆಯ ಭಾಗವನ್ನು ಒಡೆಸಿ ತೆರವಾದ ಜಾಗದಲ್ಲಿ, ಚಾಚಿದ ಕಾಂಕ್ರೀಟಿನ ಪೀಠದ ಮೇಲೆ ಕಾಂಗ್ರಾಂದೆಯ ಕುದುರೆ ಪ್ರತಿಮೆಯನ್ನು ನಿಲ್ಲಿಸಿದ.

ಕವಿ ದಾಂತೆಗೆ ದೇಶಭ್ರಷ್ಟತೆಯಲ್ಲಿ ಆಸರೆ ಕೊಟ್ಟ ದೊರೆ ಈ ಕಾಂಗ್ರಾಂದೆ. ಪ್ರತಿಮೆ ಮೊದಲು ಅವನ ಸಮಾಧಿಯ ನೆತ್ತಿಯ ಮೇಲಿತ್ತು. ಈಗ ಅಲ್ಲಿರುವುದು ನಕಲು. ಶಿರಸ್ತ್ರಾಣವನ್ನು ಬೆನ್ನಿಗೆ ಜಾರಿಸಿಕೊಂಡು, ಅಗಲವಾಗಿ ನಗುತ್ತ ಕುಳಿತಿದ್ದಾನೆ. ಗೋರಿಯ ಮೇಲೆ ನಗುವ ದೊರೆ ಅಪರೂಪ. ಸ್ಕಾರ್ಪಾನ ದಾರಿ ಅವನನ್ನು ಮೊದಲು ಕೆಳಗಿನಿಂದ, ಆಮೇಲೆ ಕಾಲುಸೇತುವೆಯಿಂದ, ಕೊನೆಗೆ ಹಲ್ಲು ಕಾಣುವಷ್ಟು ಹತ್ತಿರದಿಂದ ತೋರಿಸುತ್ತದೆ. ತ್ರೆವೀಸೋ ಗೆದ್ದ ಕೆಲವೇ ದಿನಗಳಲ್ಲಿ, 1329ರಲ್ಲಿ, ಅವನು ಸತ್ತ. 2004ರಲ್ಲಿ ಶವಪೆಟ್ಟಿಗೆ ತೆರೆದಾಗ ದೇಹದಲ್ಲಿ ಡಿಜಿಟಾಲಿಸ್ ಗಿಡದ ವಿಷ ಸಿಕ್ಕಿತು. ಬಾಲ್ಕನಿಗಿಂತ ದೊಡ್ಡ ನಾಟಕವೇ ಇದು, ಅದೂ ನಡೆದದ್ದು.

ಸಿರ್ಮಿಯೋನೆ ಅರ್ಧ ಗಂಟೆಯ ಚಿಲ್ಲರೆ ದಾರಿ. ಇಟಲಿಯ ಅತಿ ದೊಡ್ಡ ಸರೋವರದ ದಕ್ಷಿಣ ಅಂಚಿನಿಂದ ನೀರಿನೊಳಕ್ಕೆ ಚಾಚಿದ ಕಿರಿದಾದ ನಾಲಿಗೆಯಂಥ ನೆಲ. ಹೆಬ್ಬಾಗಿಲಿನಲ್ಲೇ ಸ್ಕಾಲಿಗೆರ್ ಕೋಟೆ. ದೋಣಿಗಳನ್ನು ಗೋಡೆಯೊಳಗೇ ಕಾಪಾಡುವ ಜಲಾಂಗಳ ಅದರ ವಿಶೇಷ. 1947ರಲ್ಲಿ ಅರೇನಾದಲ್ಲಿ ಹಾಡಿ ಇಟಲಿಗೆ ಪರಿಚಯವಾದ ಒಪೆರಾ ಗಾಯಕಿ ಮಾರಿಯಾ ಕಾಲ್ಲಾಸ್ ಮುಂದೆ ವೆರೋನಾದ ಗಂಡನ ಜೊತೆ ಈ ಊರಲ್ಲಿ ಮನೆ ಮಾಡಿದ್ದಳು. ದೋಣಿಯವರು ಆ ಮನೆಯನ್ನೂ, ಸರೋವರದ ತಳದ ಬಿಸಿ ಗಂಧಕದ ಬುಗ್ಗೆಯ ಗುಳ್ಳೆಗಳನ್ನೂ ಬೆರಳು ಮಾಡಿ ತೋರಿಸುತ್ತಾರೆ.

ತುದಿಯಲ್ಲಿರುವುದು ‘ಕತುಲ್ಲುಸನ ಗುಹೆಗಳು’. ಅವು ಗುಹೆಗಳೂ ಅಲ್ಲ, ಕತುಲ್ಲುಸನವೂ ಅಲ್ಲ. ಕತುಲ್ಲುಸನೆಂಬ ಆ ಲ್ಯಾಟಿನ್ ಕವಿ ಸತ್ತ ಮೇಲೆ ಕಟ್ಟಿದ ರೋಮನ್ ಬಂಗಲೆಯ ಹಾಳು, ಉದ್ದ 167 ಮೀಟರ್, ಅಗಲ 105. ಆದರೆ ಕವಿಗೆ ಸಿರ್ಮಿಯೋನೆ ಸ್ವಂತದ್ದೇ ಆಗಿತ್ತು. ಬಿಥೀನಿಯಾದಿಂದ ದಣಿದು ಮರಳಿ, ತನ್ನ ಮನೆಯ ಹಾಸಿಗೆ ಸಿಕ್ಕಿತಲ್ಲ ಎಂದು ಹಿಗ್ಗುವ ಅವನ 31ನೆಯ ಕವಿತೆ ಈ ಊರನ್ನು ಕುರಿತದ್ದು. ನೆಲ, ನೀರು ಎಂದು ಹೊಗಳಿ ನಿಲ್ಲಿಸದೆ ಹಾಸಿಗೆಯವರೆಗೆ ಬರುವ ಆ ಪ್ರಾಮಾಣಿಕತೆ ಪ್ರವಾಸ ಬರೆಯುವವರಲ್ಲಿ ಕಡಿಮೆ. ಇಂಗ್ಲಿಷ್ ಕವಿ ಟೆನಿಸನ್ 1880ರಲ್ಲಿ ಬಂದು ಇಲ್ಲಿಂದಲೇ ಅವನನ್ನು ನೆನೆದು ಕವಿತೆ ಬರೆದ.

ಕೋಟೆಯಿಂದ ಹಾಳಿನವರೆಗೆ ಸುಮಾರು ಒಂದು ಕಿಲೋಮೀಟರ್, ಆಲಿವ್ ಮರಗಳ ನಡುವೆ ಏರುದಾರಿ. ದೋಣಿ ಹತ್ತಿದರೆ ಹಾಳಿಗೆ ಹೊತ್ತು ಸಿಗುವುದಿಲ್ಲ. ಐಸ್‌ಕ್ರೀಮ್ ಸಾಲಿನಲ್ಲಿ ನಿಂತರಂತೂ ಎರಡೂ ಇಲ್ಲ. ಬಸ್ಸು ಕೋಟೆಯ ಆಚೆಗೇ ನಿಲ್ಲುವುದರಿಂದ ಇಳಿದು ಬರುವ ನಡಿಗೆಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಹೊರಡಬೇಕು.