ಸ್ವಾಮಿ ದಪ್ಪಗಾದದ್ದು ಹೇಗೆ

ಮಾಲ್ಗುಡಿಯ ಸ್ವಾಮಿ ದಪ್ಪಗಾಗಿದ್ದಾನೆ. ಆಗುಂಬೆಯ ಬೀದಿಗಳಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಆ ಕಡ್ಡಿ ದೇಹದ ಹುಡುಗ ಈಚೆಗೆ ಎಚ್‌ಡಿ ವಾಹಿನಿಯೊಂದರಲ್ಲಿ ಕೆನ್ನೆ ಊದಿಕೊಂಡು, ಭುಜ ಹರವಾಗಿ, ಗರಡಿಮನೆ ಸೇರಿದವನ ಹಾಗೆ ಕಂಡ. ಅವನ ಅಪ್ಪನಾಗಿ ನಟಿಸಿದ ಗಿರೀಶ ಕಾರ್ನಾಡರಿಗೂ ಅದೇ ಗತಿ. ಮನೆಯ ಕಂಬಗಳು ದಪ್ಪ, ಬಾಗಿಲುಗಳು ಗಿಡ್ಡ. ಶಂಕರನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆಂದು ಚಿತ್ರಿಸಿದ ಆ ಸರಣಿಯ ಮೂಲೆಯಲ್ಲಿ ‘ಎಚ್‌ಡಿ’ ಎಂಬ ಮುದ್ರೆ ಬೇರೆ. ಜೊತೆಗೆ ಕೂತು ನೋಡುತ್ತಿದ್ದವರು ಯಾರೂ ಚಕಾರ ಎತ್ತಲಿಲ್ಲ. ಪರದೆ ತುಂಬಿತ್ತಲ್ಲ, ಸಾಕು.

ಲೆಕ್ಕವೇನೂ ಕಷ್ಟದ್ದಲ್ಲ. ಹಳೆಯ ಟಿವಿಯ ಪರದೆ ಅಗಲದಲ್ಲಿ ನಾಲ್ಕು ಪಾಲಾದರೆ ಎತ್ತರದಲ್ಲಿ ಮೂರು. ಈಗಿನದು 16ಕ್ಕೆ 9. ಎಚ್‌ಡಿ ಚಿತ್ರದ ಅಗಲ 1920 ಚುಕ್ಕಿ, ಎತ್ತರ 1080. ಹಳೆಯ ಚಿತ್ರವನ್ನು ಪೂರ್ತಿ ಎತ್ತರಕ್ಕೆ ಕೂರಿಸಿದರೂ ಅದಕ್ಕೆ ಬೇಕಾಗುವ ಅಗಲ 1440 ಚುಕ್ಕಿ ಮಾತ್ರ. ಎಡಕ್ಕೆ 240, ಬಲಕ್ಕೆ 240 ಖಾಲಿ ಉಳಿಯುತ್ತವೆ. ಅಲ್ಲಿ ಕಪ್ಪು ಪಟ್ಟಿ ಬರಬೇಕು. ಬಂದರೆ ಬರಲಿ ಅನ್ನುವವರು ವಾಹಿನಿಗಳಲ್ಲಿ ಕಡಿಮೆ. 1440ನ್ನು ಎಳೆದು 1920 ಮಾಡಿಬಿಡುತ್ತಾರೆ. ಮೂರಡಿಯ ಬಾಗಿಲು ನಾಲ್ಕಡಿಯಾಗುತ್ತದೆ, ಎತ್ತರ ಮಾತ್ರ ಇದ್ದಷ್ಟೇ. ಹಣೆಯ ಕುಂಕುಮ, ಗಾಡಿಯ ಚಕ್ರ, ಹುಣ್ಣಿಮೆಯ ಚಂದ್ರ ಎಲ್ಲವೂ ಅಡ್ಡಡ್ಡಕ್ಕೆ ಮಲಗಿದ ಮೊಟ್ಟೆ.

ನಾಲ್ಕಕ್ಕೆ ಮೂರರ ಆ ಚೌಕಟ್ಟನ್ನು ಕಂಡುಹಿಡಿದವರು ಟಿವಿಯವರಲ್ಲ. 1890ರ ದಶಕದಲ್ಲಿ ಎಡಿಸನ್ನರ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತ 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದೊಂದು ಚಿತ್ರಕ್ಕೆ ನಾಲ್ಕು ತೂತಿನಷ್ಟು ಎತ್ತರ ಗೊತ್ತುಮಾಡಿದಾಗ ಹುಟ್ಟಿದ ಆಕಾರ ಅದು. ಮಾತು ಬಂದ ಮೇಲೆ, 1932ರಲ್ಲಿ, ಹಾಲಿವುಡ್ ಅದನ್ನೇ ಚೂರು ತಿದ್ದಿ 1.37 ಎಂದು ನಿಲ್ಲಿಸಿತು. ಟಿವಿ ಸಿನಿಮಾದ ಆಕಾರವನ್ನೇ ಅನುಸರಿಸಿತು. ‘ಬೆಳ್ಳಿಮೋಡ’, ‘ಸಂಸ್ಕಾರ’, ‘ಬಂಗಾರದ ಮನುಷ್ಯ’ ಎಲ್ಲ ಹೆಚ್ಚುಕಡಿಮೆ ಈ ಚೌಕದವು. ಛಾಯಾಗ್ರಾಹಕ ಆ ನಾಲ್ಕು ಗೆರೆಗಳ ಒಳಗೇ ಮುಖವನ್ನೂ ಆಕಾಶವನ್ನೂ ತೂಗಿ ಇಟ್ಟಿರುತ್ತಾನೆ. ಅದು ಇಕ್ಕಟ್ಟಾಯಿತು, ಪಾಪ, ಸ್ವಲ್ಪ ಅಗಲ ಮಾಡೋಣ ಎಂದು ನಾವು ಕರುಣೆ ತೋರಬೇಕಾಗಿಲ್ಲ.

ಇನ್ನು 16:9. ಈ ಅಂಕಿಯ ಹುಟ್ಟು ಗೊತ್ತಾದರೆ ಕಪ್ಪು ಪಟ್ಟಿಯ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಆಗ ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಒಂದೇ ವಿಸ್ತೀರ್ಣದ ಆಯತಗಳಾಗಿ ಮಾಡಿ ಒಂದರ ಮೇಲೊಂದು, ನಡುವು ಸರಿಹೊಂದುವ ಹಾಗೆ ಇಟ್ಟು ನೋಡಿದ. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತ ಸುಮಾರು 1.77ರದು, ಎಲ್ಲಕ್ಕೂ ಸಮಾನವಾದ ಒಳಗಿನ ಆಯತವೂ ಅದೇ. 1.33ಕ್ಕೂ 2.35ಕ್ಕೂ ಗುಣೋತ್ತರ ಮಧ್ಯಮ ತೆಗೆದರೂ ಅಲ್ಲಿಗೇ ಬರುತ್ತೀರಿ. ಅಂದರೆ ಹಳೆಯ ಟಿವಿಯ ಚೌಕಕ್ಕೂ ಸಿನಿಮಾಸ್ಕೋಪಿನ ಅಗಲಕ್ಕೂ ಅನ್ಯಾಯವಾಗದಂತೆ, ಎರಡಕ್ಕೂ ಒಂದಿಷ್ಟು ಕಪ್ಪು ಬಿಟ್ಟುಕೊಟ್ಟು ಮಾಡಿಕೊಂಡ ರಾಜಿ ಇದು. ಕಪ್ಪು ಪಟ್ಟಿ ಈ ಪರದೆಯ ದೋಷವಲ್ಲ, ಒಪ್ಪಂದದ ಷರತ್ತು. ನಮ್ಮ ವಾಹಿನಿಗಳು ಪರದೆಯನ್ನು ಒಪ್ಪಿ ಷರತ್ತನ್ನು ಮರೆತಿವೆ.

ಕೆಡಿಸುವುದರಲ್ಲೂ ಬಗೆಬಗೆ ಇದೆ. ನೇರವಾಗಿ ಎಳೆಯುವುದು ಒಂದು, ಅದನ್ನು ಆಗಲೇ ಹೇಳಿದೆ. ಅದಕ್ಕಿಂತ ಖದೀಮ ಬಗೆಯೊಂದಿದೆ: ನಡುವಿನ ಭಾಗವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು ಅಂಚುಗಳನ್ನು ಮಾತ್ರ ವಿಪರೀತ ಎಳೆಯುವುದು. ನಟ ಮಧ್ಯದಲ್ಲಿ ನಿಂತಿದ್ದರೆ ಏನೂ ಗೊತ್ತಾಗುವುದಿಲ್ಲ. ಆತ ಎಡಗಡೆಯಿಂದ ಬಲಗಡೆಗೆ ನಡೆದು ಹೋಗಲಿ, ನೋಡಿ: ದಪ್ಪಗೆ ಒಳಬಂದು, ನಡುವೆ ಸಣ್ಣಗಾಗಿ, ಮತ್ತೆ ದಪ್ಪಗಾಗಿ ಹೊರಡುತ್ತಾನೆ. ಚಿತ್ರದೊಳಗೇ ಅಡ್ಡ ಓಡುವ ಅಕ್ಷರಗಳಿದ್ದರೆ ಅವು ಅಂಚಿನಲ್ಲಿ ದೌಡಾಯಿಸಿ ನಡುವೆ ನಿಧಾನಿಸುತ್ತವೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದರಂತೂ ಇಡೀ ಲೋಕವೇ ರಬ್ಬರಿನಂತೆ ಜಗ್ಗುತ್ತದೆ, ಹೊಟ್ಟೆ ತೊಳಸುತ್ತದೆ. ಅಮೆರಿಕದಲ್ಲಿ 2004ರಲ್ಲಿ ಟಿಎನ್‌ಟಿ ತನ್ನ ಎಚ್‌ಡಿ ವಾಹಿನಿ ಶುರುಮಾಡಿದಾಗ ಹಳೆಯ ಕಾರ್ಯಕ್ರಮಗಳಿಗೆ ಈ ಚಿಕಿತ್ಸೆಯನ್ನೇ ಕೊಟ್ಟಿತು. ರೇಗಿದ ನೋಡುಗರು ಅದಕ್ಕೆ ‘ಸ್ಟ್ರೆಚೋವಿಷನ್’ ಎಂದು ಹೆಸರಿಟ್ಟರು.

ಎಳೆಯುವುದಿಲ್ಲ, ಕತ್ತರಿಸುತ್ತೇವೆ ಅನ್ನುವವರೂ ಇದ್ದಾರೆ. ಅಗಲ ತುಂಬುವಷ್ಟು ದೊಡ್ಡದು ಮಾಡಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಆಕಾರ ಸರಿ ಇರುತ್ತದೆ, ವಿಷಯ ಇರುವುದಿಲ್ಲ. ಹಳೆಯ ಭರತನಾಟ್ಯ ಕಾರ್ಯಕ್ರಮವೊಂದನ್ನು ಹೀಗೆ ತೋರಿಸಿದ್ದನ್ನು ನೋಡಿದೆ: ತಲೆಯ ಮೇಲಿನ ಹೂವು ಮೇಲಂಚಿಗೆ, ಗೆಜ್ಜೆ ಕೆಳಂಚಿನಾಚೆಗೆ. ನಟುವನಾರರ ತಾಳ ಕೇಳಿಸುತ್ತದೆ, ಪಾದ ಎಲ್ಲಿ ಬಿತ್ತೋ ಕಾಣದು. ಕಾಲಿಲ್ಲದ ನೃತ್ಯಕ್ಕಿಂತ ದಪ್ಪಗಾದ ನೃತ್ಯವೇ ವಾಸಿ ಎಂದು ಆ ಅರ್ಧ ಗಂಟೆ ನನಗೂ ಅನ್ನಿಸಿತು. ದೊಡ್ಡ ಕಂಪನಿಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2019ರಲ್ಲಿ ಡಿಸ್ನಿ ಪ್ಲಸ್ ‘ದ ಸಿಂಪ್ಸನ್ಸ್’ನ ಹಳೆಯ ಕಂತುಗಳನ್ನು ಮೇಲೆ ಕೆಳಗೆ ಕತ್ತರಿಸಿ ಹಾಕಿತು. ಬೇರೆಬೇರೆ ಹೆಸರಿನ ಮೂರು ಬಗೆಯ ಬಿಯರೂ ಒಂದೇ ಕೊಳವೆಯಿಂದ ಬರುವುದು ಅದರ ಒಂದು ದೃಶ್ಯದ ತಮಾಷೆ. ಕೊಳವೆ ಇದ್ದದ್ದು ಕತ್ತರಿಸಿಹೋದ ಮೇಲ್ಭಾಗದಲ್ಲಿ. ಗಲಾಟೆಯಾಗಿ 2020ರಲ್ಲಿ ಮೂಲ ಚೌಕಟ್ಟು ವಾಪಸು ಬಂತು.

ಸ್ಕೋಪ್ ಚಿತ್ರಗಳ ಕಷ್ಟ ಇನ್ನೊಂದು ದಿಕ್ಕಿನದು. 1953ರಲ್ಲಿ ‘ದ ರೋಬ್’ನೊಂದಿಗೆ ಬಂದ ಸಿನಿಮಾಸ್ಕೋಪಿನಲ್ಲಿ ಲೆನ್ಸು ಚಿತ್ರವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಫಿಲ್ಮಿಗಿಳಿಸುತ್ತದೆ, ಥಿಯೇಟರಿನ ಲೆನ್ಸು ಮತ್ತೆ ಬಿಡಿಸುತ್ತದೆ. ಹಿಂದೆ ಟಿವಿಯಲ್ಲಿ ಇಂಥ ಸಿನಿಮಾ ಬಂದಾಗ ಟೈಟಲ್ ಮುಗಿಯುವ ತನಕ ಎಲ್ಲರೂ ಸಣಕಲಾಗಿ, ಬಿದಿರುಗಳದಷ್ಟು ಉದ್ದವಾಗಿ ಇರುತ್ತಿದ್ದುದು ನೆನಪಿದೆಯೇ? ಹೆಸರುಗಳು ಕತ್ತರಿಸದಿರಲಿ ಎಂದು ಹಿಂಡಿದ ಚಿತ್ರವನ್ನೇ ತೋರಿಸುತ್ತಿದ್ದರು. ಕಥೆ ಶುರುವಾದೊಡನೆ ಪಕ್ಕದವರನ್ನು ಕತ್ತರಿಸಿ ಹಾಕುತ್ತಿದ್ದರು. ಕನ್ನಡದ ಮೊದಲ ಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಭಾರತದ ಮೊದಲನೆಯದು 1959ರ ‘ಕಾಗಜ್ ಕೆ ಫೂಲ್’. ಅದರ ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಖಾಲಿ ಸ್ಟುಡಿಯೊ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಿಡಿದು ಒಳಗೆ ಹಾಯಿಸಿದ ಆ ಬೆಳಕಿನ ಕೋಲು, ಗುರುದತ್ ಮತ್ತು ವಹೀದಾ ರೆಹಮಾನ್ ನಡುವೆ ತುಂಬಿಕೊಂಡ ಕತ್ತಲು. ಅಲ್ಲಿ ಅಭಿನಯಿಸುತ್ತಿರುವುದು ಅವರಿಬ್ಬರ ನಡುವಿನ ಅಂತರ. ಆ ಅಗಲದಲ್ಲಿ ಸುಮಾರು ಕಾಲು ಭಾಗ ಕೊಯ್ದರೆ ಮಾತ್ರ 16:9 ತುಂಬುತ್ತದೆ. ಮೂರ್ತಿಯವರಿಗೆ ಫಾಲ್ಕೆ ಪ್ರಶಸ್ತಿ ಕೊಟ್ಟ ದೇಶದಲ್ಲಿ ಅವರ ಚೌಕಟ್ಟಿಗೆ ಕತ್ತರಿ ಹಾಕಲು ಯಾರ ಸಹಿಯೂ ಬೇಕಿಲ್ಲ.

ಎಲ್ಲಕ್ಕಿಂತ ಹಾಸ್ಯಾಸ್ಪದ ಎಂದರೆ ಡಬಲ್ ಎಡವಟ್ಟು. ಸ್ಕೋಪ್ ಚಿತ್ರವನ್ನು ಯಾವುದೋ ಕಾಲದಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಹಳೆಯ ಟಿವಿಯ ಟೇಪಿಗೆ ಇಳಿಸಿರುತ್ತಾರೆ. ಈಗ ಆ ಟೇಪನ್ನು ಪಟ್ಟಿಯ ಸಮೇತ ಅಡ್ಡಕ್ಕೆ ಎಳೆಯುತ್ತಾರೆ. ಜನ ದಪ್ಪ, ಪಟ್ಟಿಯೂ ಇದೆ. ಇಲ್ಲಿ ಬೇಕಿದ್ದದ್ದು ಎರಡೂ ಕಡೆಗೆ ಸಮನಾಗಿ ಹಿಗ್ಗಿಸುವುದು. ಹೋಗುವುದು ಕಪ್ಪು ಪಟ್ಟಿ ಮಾತ್ರ. ಜೂಮ್ ಗುಂಡಿ ಒತ್ತುವುದು ಧರ್ಮವಾಗುವ ಸಂದರ್ಭ ಇದೊಂದೇ, ಅಲ್ಲೇ ಯಾರೂ ಒತ್ತುವುದಿಲ್ಲ.

ಉಪಕರಣ ಇಲ್ಲ ಎಂದು ವಾಹಿನಿಯವರು ಹೇಳುವಂತಿಲ್ಲ. ಯಾವ ಆಕಾರದ ಚಿತ್ರ ಎಂದು ಚಿತ್ರದ ಜೊತೆಯಲ್ಲೇ ಹೇಳಿ ಕಳಿಸುವ ನಾಲ್ಕು ಬಿಟ್‌ನ ಸಂಕೇತವೊಂದು ಪ್ರಸಾರ ವ್ಯವಸ್ಥೆಯಲ್ಲಿ ಎಷ್ಟೋ ವರ್ಷಗಳಿಂದ ಇದೆ. ಟೇಪನ್ನು ಫೈಲಾಗಿ ಇಳಿಸಿಕೊಳ್ಳುವವರು ಅದನ್ನು ಸರಿಯಾಗಿ ತುಂಬಿದರೆ ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಸಂದೇಹವಿದ್ದರೆ ಜಾಹೀರಾತು ಬಂದಾಗ ಗಮನಿಸಿ. ದಪ್ಪ ಸ್ವಾಮಿಯ ಬೆನ್ನಿಗೇ ಬರುವ ಸೋಪು, ಕಾರು, ಬಿಸ್ಕತ್ತು ಯಾವುದೂ ಒಂದು ಕೂದಲಷ್ಟೂ ಹಿಗ್ಗಿರುವುದಿಲ್ಲ. ಹಣ ಕೊಟ್ಟವರ ಚಕ್ರ ಯಾವತ್ತೂ ದುಂಡಗೇ ಇರುತ್ತದೆ.

ನಿಮ್ಮ ಮನೆಯ ಟಿವಿಯೇ ತಪ್ಪಿತಸ್ಥನೂ ಆಗಿರಬಹುದು. ಎಷ್ಟೋ ಮನೆಗಳಲ್ಲಿ ಯಾವಾಗಲೋ ಮಗು ರಿಮೋಟ್ ಒತ್ತಿ ‘ಜೂಮ್’ಗೆ ಬಿದ್ದ ಚಿತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಸ್ಕೋರಿನ ಅರ್ಧ ಸಾಲು ಕಾಣದಿದ್ದರೂ. ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗಿನಲ್ಲಿ 16:9 ಇರಲಿ, ಟಿವಿಯಲ್ಲಿ ‘ಒರಿಜಿನಲ್’ ಅಥವಾ ‘ಸ್ಕ್ರೀನ್ ಫಿಟ್’. ಆಮೇಲೆ ದುಂಡಗಿನದೇನಾದರೂ ಬರುವ ತನಕ ಕಾದು ಪರದೆಗೆ ಸ್ಕೇಲ್ ಹಿಡಿಯಿರಿ. ಗೋಡೆ ಗಡಿಯಾರ ನೇರಕ್ಕೆ ಕಂಡರೆ ಉತ್ತಮ, ತಟ್ಟೆ ಬೇಡ, ಅದು ಓರೆಗೆ ಕಂಡರೆ ಮೋಸ ಮಾಡುತ್ತದೆ. ಅಡ್ಡಳತೆ ಹೆಚ್ಚು ಬಂದರೆ, ಜಾಹೀರಾತಿನಲ್ಲಿ ಸರಿಹೋದರೆ, ತಪ್ಪು ವಾಹಿನಿಯದು. ಗ್ರಾಹಕ ಸೇವೆಗೆ ಫೋನು ಮಾಡಿ ಹೇಳಬಹುದು. ನಾನೂ ಮಾಡಿದೆ. ಆ ಕಡೆಯ ಹುಡುಗ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ಬಾಕ್ಸ್ ಆಫ್ ಮಾಡಿ ಆನ್ ಮಾಡಿಸಿ, ಕೊನೆಗೆ ಕೇಳಿದ: “ಪಿಕ್ಚರ್ ಬರ್ತಾ ಇದೆಯಲ್ಲ ಸಾರ್?”