ಕೋಲ್ಕತ್ತದ ಚೀನೀ ಊಟಕ್ಕೆ ಹೊಸಬರಾದವರಿಗೆ

ಗೋಬಿ ಮಂಚೂರಿ ಗಾಡಿ ಇಲ್ಲದ ಪೇಟೆ ಈಗ ಕರ್ನಾಟಕದಲ್ಲಿ ಅಪರೂಪ. ಆ ರುಚಿಯ ಬೇರು ಇರುವುದು ಕೋಲ್ಕತ್ತದಲ್ಲಿ. 1975ರಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿ ಹೆಸರಾದ ನೆಲ್ಸನ್ ವಾಂಗ್ ಹುಟ್ಟಿದ್ದು ಅಲ್ಲೇ. ಅದಕ್ಕೂ ಎಷ್ಟೋ ಮೊದಲು, ಹದಿನೆಂಟನೆಯ ಶತಮಾನದ ಕೊನೆಗೆ, ತೊಂಗ್ ಆಚ್ಯೂ ಎಂಬ ಚೀನೀಯ ಹೂಗ್ಲಿ ದಂಡೆಯಲ್ಲಿ ಸಕ್ಕರೆ ಕಾರ್ಖಾನೆ ಹಾಕಿದ. ಅವನ ಬೆನ್ನಿಗೆ ತಲೆಮಾರುಗಳ ಕಾಲ ಚೀನೀಯರು ಬರುತ್ತಲೇ ಇದ್ದರು. ಕ್ಯಾಂಟನಿನವರು ಮರಗೆಲಸ ಹಿಡಿದರು, ಹುಬೆಯವರು ಹಲ್ಲಿನ ವೈದ್ಯರಾದರು, ಹಕ್ಕಾ ಜನ ಚರ್ಮ ಹದಮಾಡಿದರು. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಚೀನೀ ಊಟ ಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಇಷ್ಟೇ: ಈ ಜನ ತಮಗಾಗಿ ಮಾಡಿಕೊಳ್ಳುವ ಅಡುಗೆ ಎಲ್ಲಿ, ಯಾವ ಹೊತ್ತಿಗೆ ಸಿಗುತ್ತದೆ ಎಂಬುದು.

ಹೊತ್ತು ಎಂದರೆ ಬೆಳಗಿನ ಜಾವ, ಜಾಗ ಎಂದರೆ ತಿರೆಟ್ಟಾ ಬಜಾರ್. ಸೆಂಟ್ರಲ್ ಮೆಟ್ರೋ ನಿಲ್ದಾಣದಲ್ಲಿಳಿದು ಪೊದ್ದಾರ್ ಕೋರ್ಟ್ ಎಲ್ಲಿ ಎಂದು ಕೇಳಿಕೊಂಡು ನಡೆಯಿರಿ. ಭಾನುವಾರವೇ ಹೋಗಿ, ಆರಕ್ಕೇ ಅಲ್ಲಿರಿ. ಮನೆಯಲ್ಲಿ ಮಾಡಿ ತಂದದ್ದನ್ನು ರಸ್ತೆಬದಿಯಲ್ಲಿಟ್ಟು ಮಾರುತ್ತಾರೆ. ಕುರ್ಚಿಯಿಲ್ಲ, ಮೆನು ಕಾರ್ಡಿಲ್ಲ, ನಿಂತೇ ತಿನ್ನಬೇಕು. ಬೆಲೆ ಕೈಗೆಟಕುವುದೂ ಅದಕ್ಕೇ. ಚಿಲ್ಲರೆ ಒಯ್ಯಿರಿ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳದೆ ಒಬ್ಬೊಬ್ಬರ ಹತ್ತಿರ ಒಂದೊಂದು ತಿನ್ನಿ.

ಮೊದಲು ಬಾವ್ ತೆಗೆದುಕೊಳ್ಳಿ. ಹಬೆಯಲ್ಲಿ ಬೆಂದ, ಒಳಗೆ ಹಂದಿಮಾಂಸವಿರುವ ಬಿಳಿ ಬನ್ನು. ಕೈಯಲ್ಲಿ ಮುರಿದು ನೋಡಿ: ಹಿಟ್ಟು ಹಗುರವಾಗಿ ಬಿಡಬೇಕು, ಹಲ್ಲಿಗೆ ಅಂಟಬಾರದು, ಮಾಂಸದ ರಸ ಹಿಟ್ಟಿಗೆ ಇಳಿದಿರಬೇಕು. ಆಮೇಲೆ ಮೀನಿನ ಉಂಡೆಯ ಸೂಪು. ಹಲ್ಲಿಟ್ಟರೆ ಪುಟಿಯಬೇಕು ಆ ಉಂಡೆ. ಪುಡಿಯಾದರೆ ಮೀನನ್ನು ಸಾಕಷ್ಟು ನಾದಿಲ್ಲ ಎಂದರ್ಥ. ಸೂಪು ತಿಳಿಯಾಗಿರಬೇಕು. ಸಾಸು, ಮೆಣಸು ಏನೂ ಹಾಕದೆ ಮೊದಲ ಎರಡು ಗುಟುಕು ಕುಡಿಯಿರಿ. ಅಡುಗೆಯವರ ಕೈಗುಣ ಗೊತ್ತಾಗುವುದು ಅಲ್ಲೇ. ಹೋಟೆಲಿನ ಮಟ್ಟವನ್ನು ಇಡ್ಲಿಯಲ್ಲಿ ಅಳೆಯುವ ನಮಗೆ ಈ ಪರೀಕ್ಷೆ ಹೊಸದಲ್ಲ. ಸಿಯುಮಾಯ್ ಎಂಬ ಹಬೆಯ ಕಡುಬು, ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟು ಅಕ್ಕಿ, ಸಿಹಿ-ಉಪ್ಪಿನ ಚೀನೀ ಸಾಸೇಜು ಕಂಡರೆ ಬಿಡಬೇಡಿ.

ತಿಂದಾದ ಮೇಲೆ ಅಲ್ಲೇ ಹತ್ತಿರವಿರುವ ಚೀನೀಯರ ಸೀ ಇಪ್ ಮಂದಿರಕ್ಕೆ ಒಮ್ಮೆ ಹೋಗಿಬನ್ನಿ. ಮಧ್ಯಾಹ್ನ ಕುಳಿತು ಉಣ್ಣುವ ಮನಸ್ಸಿದ್ದರೆ ಗಣೇಶ್ ಚಂದ್ರ ಅವೆನ್ಯೂವಿನಲ್ಲಿ ಪೆಟ್ರೋಲ್ ಬಂಕಿನ ಮೇಲಿರುವ ಓ ಚ್ಯೂ ಇದೆ. ಒಂದೇ ಮನೆತನ ತಲೆಮಾರುಗಳಿಂದ ನಡೆಸುತ್ತಿರುವ ಹೋಟೆಲು. ಅಲ್ಲಿನ ಜೋಸೆಫಿನ್ ನೂಡಲ್ಸ್‌ಗೆ ಖಾರದ ಅಬ್ಬರವಿಲ್ಲ, ನನಗೆ ಅದು ತುಂಬ ಇಷ್ಟ. ನಡುವೆ ಕೆಂಡದ ಕೊಳವೆಯಿರುವ ಪಾತ್ರೆಯಲ್ಲಿ ಬರುವ ಚಿಮ್ನಿ ಸೂಪು ಬೇಕಾದರೆ ಮುಂಚೆಯೇ ಹೇಳಿಡಬೇಕು.

ಊರಿನ ಇನ್ನೊಂದು ಚೀನೀ ಕೇರಿಯಾದ ಟಾಂಗ್ರಾದ ರೀತಿ ಬೇರೆ. ಅದು ಹಕ್ಕಾ ಜನರ ಚರ್ಮ ಹದಮಾಡುವ ಕೇರಿಯಾಗಿತ್ತು. 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆ ಕಾರ್ಖಾನೆಗಳು ಬಂತಲಾದತ್ತ ಹೋಗಬೇಕಾಯಿತು, ಹೋಟೆಲುಗಳೇ ಕೇರಿಯ ಮುಖವಾದವು. ಚಿಲ್ಲಿ ಚಿಕನ್, ಮಂಚೂರಿಯನ್ ಎಲ್ಲ ಇಲ್ಲಿ ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಆದರೆ ಕಾರ್ನ್‌ಫ್ಲೋರಿನ ಗಟ್ಟಿ ಗ್ರೇವಿಯಿಂದಲೇ ಶುರು ಮಾಡಬೇಡಿ, ಅದರಡಿ ಎಂಥ ತಪ್ಪೂ ಮುಚ್ಚಿಹೋಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಸಾಸಿವೆ ಸೊಪ್ಪು ಮತ್ತು ಹಂದಿಮಾಂಸದ ಅಡುಗೆ, ಹಮ್‌ಚೋಯ್ ಇದೆಯೇ ಎಂದು ಕೇಳಿ. ಸೊಪ್ಪಿನ ಹುಳಿ ಮಾಂಸದ ಜಿಡ್ಡನ್ನು ಮುರಿಯುತ್ತದೆ, ಅನ್ನದ ಜೊತೆ ಸೊಗಸು. ಬರಿಯ ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪನ್ನೂ ತರಿಸಿ: ಕಾಂಡ ಕರುಮ್ಮೆನ್ನಬೇಕು, ಎಲೆ ಹಸಿರಾಗಿರಬೇಕು, ಕಾದ ಬಾಣಲೆಯ ಸಣ್ಣ ಹೊಗೆವಾಸನೆ ಇರಬೇಕು. ಅದಿದ್ದರೆ ಆ ಅಡುಗೆಮನೆಯನ್ನು ನಂಬಬಹುದು. ಕಣ್ಣು ಕುಕ್ಕುವ ಕೆಂಪನ್ನು ಮಾತ್ರ ನಂಬಬೇಡಿ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೂರು-ನಾಲ್ಕು ಜನ ಒಟ್ಟಿಗೆ ಹೋಗಿ ಹಂಚಿಕೊಂಡರೆ ಖರ್ಚು ಇಳಿಯುತ್ತದೆ.

ಸಸ್ಯಾಹಾರಿಗಳಿಗೆ ತಿರೆಟ್ಟಾದಲ್ಲಿ ಸಿಗುವುದು ಕಡಿಮೆ. ತರಕಾರಿ ನೂಡಲ್ಸ್ ಎಂದರೂ ಮಾಂಸದ ಸಾರು ಬಿದ್ದಿರಬಹುದು, ಮೊದಲೇ ಕೇಳಿ. ಟಾಂಗ್ರಾದಲ್ಲಿ ಆಯ್ಕೆ ಹೆಚ್ಚು. 

ಈ ಅಡುಗೆ ಎಷ್ಟು ಕಾಲ ಸಿಗುತ್ತದೋ ಹೇಳಲಾಗದು. 1962ರ ಭಾರತ-ಚೀನಾ ಯುದ್ಧದಲ್ಲಿ ದೇಶದ ಚೀನೀ ಮೂಲದ ಸಾವಿರಾರು ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಆಮೇಲೆ ಟೊರಾಂಟೊ ಮುಂತಾದೆಡೆಗೆ ವಲಸೆ ಹೋದವರು ಬಹಳ. ಹೀಗಾಗಿ ತಿರೆಟ್ಟಾದಲ್ಲಿ ಮಾರುವ ಚೀನೀ ಕೈಗಳು ಕಡಿಮೆಯಾಗುತ್ತಿವೆ. ಕೋಲ್ಕತ್ತಕ್ಕೆ ಹೋಗುವವರು ಒಂದು ಭಾನುವಾರದ ಬೆಳಗನ್ನು ಇದಕ್ಕೆಂದೇ ತೆಗೆದಿಡಿ, ಚೌಕಾಸಿ ಮಾಡದೆ ಕೊಂಡು ತಿನ್ನಿ.