ಕಡತಕ್ಕೊಂದು ಹಣೆಪಟ್ಟಿ

ಹಳೆಯ ಪುಸ್ತಕದ ಗೀಳು ಹತ್ತಿದವರು ಈಗ ಬೆಂಗಳೂರಿನ ಅವೆನ್ಯೂ ರಸ್ತೆಯ ಧೂಳು ಕುಡಿಯಲೇಬೇಕೆಂದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಬಿದ್ದಿವೆ. ರಾಶಿ ಎಂದೇ ಹೇಳಬೇಕು, ಏಕೆಂದರೆ ಪುಟಗಳನ್ನು ತೆಗೆದಷ್ಟು ಶ್ರದ್ಧೆಯಿಂದ ಪುಸ್ತಕದ ವಿವರಗಳನ್ನು ಬರೆದಿಲ್ಲ. ಶೀರ್ಷಿಕೆಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲಿ ಳ-ಲ, ಣ-ನ ಭೇದ ಉಳಿಯುವುದಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ ಅಲ್ಲಿಂದ ಕನ್ನಡಕ್ಕೆ ಮರಳಿದರೆ ‘ಮರಲಿ ಮನ್ನಿಗೆ’ ಆದೀತು!

ಇದನ್ನು ಸರಿಪಡಿಸಲು ‘ಸಂಚಯ’ ಎಂಬ ಬಳಗದ ಗೆಳೆಯರು ಸ್ವಯಂಸೇವಕರನ್ನು ಸೇರಿಸಿ, ಶೀರ್ಷಿಕೆ, ಲೇಖಕರ ಹೆಸರುಗಳನ್ನು ಕನ್ನಡಕ್ಕೆ ತಂದರು. ‘ಪುಸ್ತಕ ಸಂಚಯ’ ತಾಣದಲ್ಲಿ ಕನ್ನಡದಲ್ಲೇ ಹುಡುಕಲು ಬಂದದ್ದು ಆಮೇಲೆ. ಒಂದು ಪುಟವನ್ನೂ ಹೊಸದಾಗಿ ಸ್ಕ್ಯಾನ್ ಮಾಡದೆ ಗ್ರಂಥಾಲಯವನ್ನು ದೊಡ್ಡದು ಮಾಡಿದ ಕೆಲಸವೆಂದು ನಾನು ಅದನ್ನು ಮೆಚ್ಚುತ್ತೇನೆ.

ಮೆಟಾಡೇಟಾ ಎನ್ನುವುದು ಇದೇ: ಕಡತದೊಳಗೆ ಏನಿದೆಯೆಂದು ಕಡತದ ಹೊರಗೆ ಬರೆದಿಡುವುದು. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್‌ನಲ್ಲಿ ಕೂತವರು ಅಂತರಜಾಲಕ್ಕಾಗಿ ಇದರ ಪಟ್ಟಿ ಮಾಡಲು ಹೊರಟರು; ‘ಡಬ್ಲಿನ್ ಕೋರ್’ ಕೊನೆಗೆ 15 ಅಂಶಗಳಿಗೆ ನಿಂತಿತು. ಶೀರ್ಷಿಕೆ, ಕರ್ತೃ, ವಿಷಯ, ಭಾಷೆ, ಹಕ್ಕು ಹೀಗೆ. ಹದಿನೈದನ್ನೂ ತುಂಬಬೇಕೆಂಬ ಕಡ್ಡಾಯವಿಲ್ಲ. ಐದನ್ನು ಸರಿಯಾಗಿ ತುಂಬಿದರೂ ನನಗೆ ಸಾಕು.

ಆ ಐದರಲ್ಲಿ ತಲೆನೋವು ಕರ್ತೃವಿನದು. ಕುವೆಂಪು, ಕೆ.ವಿ. ಪುಟ್ಟಪ್ಪ, ಮಾಸ್ತಿ, ಶ್ರೀನಿವಾಸ, ಬೇಂದ್ರೆ, ಅಂಬಿಕಾತನಯದತ್ತ. ಯಂತ್ರದ ಕಣ್ಣಿಗೆ ಈ ಮೂವರು ಆರು ಜನ. ಹೆಸರು ಎಷ್ಟಾದರೂ ಇರಲಿ, ವ್ಯಕ್ತಿಗೆ ಒಂದೇ ಗುರುತುಸಂಖ್ಯೆ ಎನ್ನುವುದು 2012ರಲ್ಲಿ ಶುರುವಾದ ವಿಕಿಡೇಟಾದ ಜಾಣತನ. ಯಾವ ಹೆಸರಿನಿಂದ ಹೋದರೂ ಅದೇ ಮನೆಯ ಬಾಗಿಲು.

ಇಸವಿಯದು ಇನ್ನೊಂದು ಗೋಳು. ಮೊದಲ ಮುದ್ರಣದ್ದೋ, ಮರುಮುದ್ರಣದ್ದೋ, ಕಡತ ಏರಿಸಿದ ದಿನದ್ದೋ? ಮೂರಕ್ಕೂ ಬೇರೆ ಬೇರೆ ಜಾಗ ಬೇಕು.

ಟ್ಯಾಗ್‌ಗಳ ವಿಷಯದಲ್ಲಿ ಮಾತ್ರ ನಾನು ಜಿಪುಣ. ‘ಕತೆ’, ‘ಕಥೆ’, ‘ಸಣ್ಣಕಥೆ’, ‘ಕಥೆಗಳು’ ಎಂದು ತೋಚಿದ ಹಾಗೆ ಹಚ್ಚಿದರೆ ಒಂದೇ ಗುಂಪು ನಾಲ್ಕಾಗುತ್ತದೆ. ಮೊದಲೇ ಒಂದು ಪದಪಟ್ಟಿ ಮಾಡಿಕೊಂಡು ಅದರಾಚೆ ಹೋಗದಿರುವುದು ಲೇಸು. ಹುಡುಕುವವನ ಸಮಯ ಉಳಿಯುತ್ತದೆ; ಓದುಗನ ಸಮಯ ಉಳಿಸಬೇಕೆಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದ ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು. ಅವರು 1962ರಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. ಕನ್ನಡ ತಾಣ ಕಟ್ಟುವವರು ವಿನ್ಯಾಸಗಾರನಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಅಲ್ಲಿ ಕಲಿತ ಒಬ್ಬರನ್ನು ಕೆಲಸಕ್ಕೆ ಕರೆಯಬಾರದೇಕೆ?